ಗುಂಡಿಯಕ್ಕ ಮತ್ತು ಮುಳ್ಳುಹಣ್ಣಿನ ಜಾಮ್

ಪೇಟೆ ಬೀದಿಯ ತಿರುವಿನಲ್ಲಿ, ಗಡಿಯಾರ ರಿಪೇರಿಯವನ ಮಳಿಗೆಗೂ ಬ್ರೆಡ್ಡಿನ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತ ಒಂದು ಕಿರಿದಾದ ಅಂಗಡಿ ಇತ್ತು. ಅಲ್ಲಿ ಗುಂಡಿ, ದಾರ, ಜಿಪ್ಪು, ಲೇಸು ಮಾರುತ್ತಿದ್ದವಳನ್ನು ಎಲ್ಲರೂ ಗುಂಡಿಯಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೇನೂ ಅದರಿಂದ ಬೇಜಾರಿರಲಿಲ್ಲ. ರಸ್ತೆಯ ಗುಂಡಿಯನ್ನು ಕಂಡರೆ ಜನ ಬೈಯುತ್ತಾರೆ, ನನ್ನ ಗುಂಡಿಯನ್ನು ಮಾತ್ರ ಎದೆಗೆ ಹಾಕಿಕೊಂಡು ಓಡಾಡುತ್ತಾರೆ ಎಂದು ತಾನೇ ನಗೆಯಾಡುತ್ತಿದ್ದಳು. ಗೋಡೆಯ ಉದ್ದಕ್ಕೂ ಮರದ ಸಣ್ಣ ಖಾನೆಗಳು. ಯಾವ ಖಾನೆಯಲ್ಲಿ ಯಾವುದಿದೆ ಎಂದು ತಿಳಿಯಲು ಒಂದೊಂದರ ಮುಂದೆಯೂ ಒಂದೊಂದು ಗುಂಡಿ ಅಂಟಿಸಿಟ್ಟಿದ್ದಳು. ಯಾರಾದರೂ ಬಂದು ಕೋಟಿನ ಒಂದು ಗುಂಡಿ ಬಿದ್ದುಹೋಗಿದೆ ಎಂದರೆ, ಉಳಿದವನ್ನು ಬೆಳಕಿಗೆ ಹಿಡಿದು ನೋಡಿ, ಏಣಿ ಹತ್ತಿ ತೆಗೆದುಕೊಡುವಳು. ಸಿಗದಿದ್ದರೆ ಸಿಗಲಿಲ್ಲ ಎನ್ನುವಳು. ಹತ್ತಿರದ್ದನ್ನು ತಳ್ಳಿ ಸಾಗಹಾಕುವ ಬುದ್ಧಿ ಅವಳಿಗಿರಲಿಲ್ಲ.

ಗಂಡ ಕಣ್ಣು ಮುಚ್ಚಿದಾಗ ಮಗಳು ಇನ್ನೂ ತೊಟ್ಟಿಲ ಕೂಸು. ಆ ಕೂಸನ್ನು ಕೌಂಟರಿನ ಕೆಳಗೆ ಲೇಸಿನ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡೇ ಅವಳು ಅಂಗಡಿ ನಡೆಸಿದಳು. ಮಗಳು ಬೆಳೆದಳು. ತಾಯಿ ಎಷ್ಟು ಮೆಲುಮಾತಿನವಳೋ ಮಗಳು ಅಷ್ಟೇ ಮಾತಿನ ಮಲ್ಲಿ. ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದ ಮೇಲಂತೂ ಕೇಳುವುದೇ ಬೇಡ. ದಿನವಿಡೀ ಜನರ ಬಾಯಿ ತೆರೆಸಿ ತೆರೆಸಿ ಇವಳಿಗೆ ತನ್ನ ಬಾಯಿ ಮುಚ್ಚುವುದೇ ಮರೆತುಹೋಗಿದೆ ಎಂದು ಡಾಕ್ಟರೇ ಹೇಳುತ್ತಿದ್ದರು. ಅವಳು ಮದುವೆಯಾದದ್ದು ಸಿಟಿ ಬಸ್ಸಿನ ಡ್ರೈವರನನ್ನು. ಹಲ್ಲು ನೋವೆಂದು ಕೆನ್ನೆ ಊದಿಸಿಕೊಂಡು ಬಂದವನು, ಹಲ್ಲು ಹೋದ ಮೇಲೂ ವಾರವಾರ ಬರುತ್ತಲೇ ಇದ್ದ. ಅವನ ಬಾಯಲ್ಲಿ ಮಾತು ಹೊರಡುವುದೇ ಅಪರೂಪ. ಒಬ್ಬರದು ಅತಿಯಾಯಿತು, ಒಬ್ಬರದು ಕಡಿಮೆಯಾಯಿತು, ಇಬ್ಬರನ್ನೂ ಕೂಡಿಸಿ ಭಾಗಿಸಿದರೆ ಸರಿಹೋಗುತ್ತದೆ ಎಂದು ಗುಂಡಿಯಕ್ಕ ಅಂದುಕೊಂಡಳು. ಸರಿಯೇ ಹೋಯಿತು. ಅವರಿಗೆ ಒಬ್ಬ ಮಗಳು ಹುಟ್ಟಿದಳು. ಒಂದೆಡೆ ಕೂರದೆ ಪುರ್ರೆಂದು ಹಾರುತ್ತಿದ್ದ ಅವಳನ್ನು ಮನೆಯವರೆಲ್ಲ ಗುಬ್ಬಿ ಎಂದರು.

ಜಾಮಿನ ಹುಚ್ಚು ಹಿಡಿದದ್ದು ಮಗಳಿಗೆ. ಬಸ್ ಡಿಪೋದ ಹಿಂದೆ, ರೈಲು ಹಳಿಯ ತಂತಿಬೇಲಿಗೆ ಹಬ್ಬಿಕೊಂಡು ಒಂದು ಮುಳ್ಳುಬಳ್ಳಿ ಬೆಳೆದಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಅದರಲ್ಲಿ ಕಪ್ಪು ಹಣ್ಣುಗಳು ಗೊಂಚಲು ಗೊಂಚಲಾಗಿ ಬಿಡುತ್ತಿದ್ದವು. ಅಳಿಯ ಒಂದು ಕೊಕ್ಕೆ ಕೋಲು ಹಿಡಿದು ಬಳ್ಳಿ ಎಳೆಯುವನು, ಮಗಳು ಬಿಡಿಸುವಳು. ಇಬ್ಬರೂ ಕೈಯೆಲ್ಲ ಗೀರಿಸಿಕೊಂಡು, ತುಟಿ ಕಪ್ಪಾಗಿಸಿಕೊಂಡು, ಡಬ್ಬಿ ತುಂಬಿಕೊಂಡು ಬರುವರು. ತೊಳೆದ ಹಣ್ಣು ಫ್ರಿಜ್ಜಿನ ಹಿಮದ ಖಾನೆ ಸೇರಿ ಅಲ್ಲಿಯೇ ಗಟ್ಟಿಯಾಗಿ ಕೂರುತ್ತಿತ್ತು. ಚಳಿಗಾಲದ ರಜೆ ಹತ್ತಿರ ಬಂದಾಗ ಒಂದು ಭಾನುವಾರ ಅದನ್ನೆಲ್ಲ ಹೊರತೆಗೆದರೆ ಆವತ್ತಿನ ಮಟ್ಟಿಗೆ ಮನೆಯಲ್ಲಿ ಬೇರೆ ಅಡುಗೆಯೇ ಇಲ್ಲ.

ಮಗಳ ಆ ಮನೆ ಮಹಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು. ಹಣ್ಣು, ಸಕ್ಕರೆ ಹಾಕಿದ ದೊಡ್ಡ ಪಾತ್ರೆ ಒಲೆಯ ಮೇಲೆ ಕುದಿಯತೊಡಗಿದರೆ ಕಿಟಕಿಯ ಗಾಜು ಮಂಜಾಗಿ ಬೀದಿಯೇ ಕಾಣುತ್ತಿರಲಿಲ್ಲ. ಗುಂಡಿಯಕ್ಕನಿಗೆ ಬಾಟಲಿಗಳ ಉಸ್ತುವಾರಿ. ತೊಳೆದು, ಬಿಸಿನೀರಲ್ಲಿ ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕುವುದು ಅವಳ ಕೆಲಸ. ಮಗಳು ಚಕ್ಕೆ, ಲವಂಗ, ಒಣಶುಂಠಿ, ಕಿತ್ತಳೆಯ ಸಿಪ್ಪೆ, ನಾಲ್ಕು ಕಾಳುಮೆಣಸು, ಇನ್ನೂ ಏನೇನನ್ನೋ ಕಣ್ಣು ಮುಚ್ಚಿಕೊಂಡು ಮೂಸಿ ನೋಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಗೆ ಇಳಿಬಿಡುವಳು. ಆ ಇನ್ನೂ ಏನೇನು ಎಂಬುದನ್ನು ಗುಂಡಿಯಕ್ಕ ಒಂದು ಸಲವೂ ನೋಡಲಿಲ್ಲ. ಅವಳು ನಿಲ್ಲುತ್ತಿದ್ದದ್ದು ನಲ್ಲಿಯ ಮುಂದೆ, ಬೆನ್ನು ಒಲೆಯ ಕಡೆಗೆ. ಕೇಳಬಹುದಿತ್ತು. ಮಗಳು ಇದ್ದಾಗ ಕೇಳುವ ಅಗತ್ಯವೇನಿತ್ತು?

ಬಾಟಲಿಗಳು ಡಿಪೋಗೆ, ಅಕ್ಕಪಕ್ಕದ ಮನೆಗಳಿಗೆ, ಹಲ್ಲಿನ ಡಾಕ್ಟರಿಗೆ ಹೋಗುತ್ತಿದ್ದವು. ಜನರ ಹಲ್ಲು ಕೆಡಿಸುವವಳೂ ನೀನೇ, ಕೀಳಲು ಒಳಗೆ ಕರೆಯುವವಳೂ ನೀನೇ ಎಂದು ಡಾಕ್ಟರು ನಗುತ್ತ ಎರಡು ಬಾಟಲಿ ಇಟ್ಟುಕೊಳ್ಳುತ್ತಿದ್ದರು.

ಗುಬ್ಬಿ ಶಾಲೆಗೆ ಸೇರಿದ ವರ್ಷ, ಚಳಿ ಕಳೆದು ಮರಗಳು ಚಿಗುರುತ್ತಿದ್ದ ಒಂದು ಬೆಳಿಗ್ಗೆ, ಮಗಳು ಕ್ಲಿನಿಕ್ಕಿನಲ್ಲಿ ಡಾಕ್ಟರ ಕೈಗೆ ತಟ್ಟೆ ಕೊಡುತ್ತಿದ್ದವಳು, ತಲೆ ಒಂಥರಾ ಆಗ್ತಿದೆ ಎಂದು ರೋಗಿಗಳು ಒರಗುವ ಕುರ್ಚಿಯಲ್ಲೇ ಕುಳಿತಳು. ಮತ್ತೆ ಏಳಲಿಲ್ಲ. ತಲೆಯೊಳಗಿನ ರಕ್ತನಾಳ ಒಡೆದಿತ್ತು ಎಂದರು. ಸುದ್ದಿ ಹೇಳಲು ಗಡಿಯಾರದವನು ಅಂಗಡಿಗೆ ಬಂದಾಗ ಗುಂಡಿಯಕ್ಕ ಯಾರಿಗೋ ಬಿಳಿ ಗುಂಡಿಗಳನ್ನು ಪೊಟ್ಟಣ ಕಟ್ಟುತ್ತಿದ್ದಳು. ಅವನು ಹೇಳಿದ್ದು ಕಿವಿಗೆ ಬಿತ್ತು, ಕೈಗೆ ತಲುಪಲಿಲ್ಲ. ಪೊಟ್ಟಣದ ಬಾಯಿ ಮಡಿಸಿ, ದಾರ ಸುತ್ತಿ, ಗಂಟು ಹಾಕಿ, ಗಿರಾಕಿಯ ಕೈಗೆ ಕೊಟ್ಟು, ಆಮೇಲೆ ಕೌಂಟರು ಹಿಡಿದುಕೊಂಡು ನೆಲಕ್ಕೆ ಕುಸಿದಳು.

ಅಂಗಡಿಯ ಹಿಂದಿನ ತನ್ನ ಕೋಣೆಗೆ ಬೀಗ ಹಾಕಿ ಅವಳು ಅಳಿಯನ ಮನೆಗೆ ಬಂದು ನಿಂತಳು. ಯಾರೂ ಕರೆಯಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಅವನದು ಒಮ್ಮೆ ಬೆಳಗಿನ ಪಾಳಿ, ಒಮ್ಮೆ ಸಂಜೆಯ ಪಾಳಿ. ಮಗುವನ್ನು ಶಾಲೆಗೆ ಬಿಡುವವರು ಬೇಕಿತ್ತು, ಜಡೆ ಹಾಕುವವರು ಬೇಕಿತ್ತು. ಮಗಳು ಬದುಕಿದ್ದಾಗ ಅವಳು ಅಳಿಯನನ್ನು ‘ನೀವು, ತಾವು’ ಎಂದೇ ಮಾತಾಡಿಸುತ್ತಿದ್ದಳು. ಒಂದು ಸಂಜೆ ಅವನು ಊಟದ ತಟ್ಟೆಯ ಮುಂದೆ ಕೈ ಆಡಿಸದೆ ಕುಳಿತಿದ್ದಾಗ, ಎರಡು ತುತ್ತಾದರೂ ತಿನ್ನೋ ಎಂಬ ಮಾತು ತಾನಾಗಿ ಬಾಯಿಂದ ಬಂದುಬಿಟ್ಟಿತು. ಅವನು ತಲೆ ಎತ್ತಿ ನೋಡಿ, ತಿಂದ. ಅಲ್ಲಿಂದಾಚೆ ಅವನು ಅವಳಿಗೆ ‘ನೀನು’ ಆದ.

ಆ ವರ್ಷದ ಚಳಿಗಾಲದಲ್ಲಿ ಗುಂಡಿಯಕ್ಕ ಜಾಮ್ ಮಾಡಲು ಹೊರಟಳು. ಹಿಂದಿನ ವರ್ಷದ ಬೇಸಿಗೆಯ ಹಣ್ಣು ಒಂದಿಷ್ಟು ಖಾನೆಯ ತಳದಲ್ಲಿ ಉಳಿದಿತ್ತು. ಮಗಳೇ ಬಿಡಿಸಿ ಇಟ್ಟದ್ದು. ಬಾಟಲಿ ತೊಳೆದಳು, ಒಲೆ ಹಚ್ಚಿದಳು, ಚಕ್ಕೆ ಲವಂಗದ ಗಂಟು ಕಟ್ಟಿದಳು. ಹದ ಯಾವಾಗ ಬರುತ್ತದೆ ಎಂಬುದೇ ತಿಳಿಯಲಿಲ್ಲ. ಮಗಳು ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳುತ್ತಿದ್ದಳು. ಅದು ಸುಕ್ಕುಗಟ್ಟಿದರೆ ಆಯಿತು ಎನ್ನುತ್ತಿದ್ದಳು. ಗುಂಡಿಯಕ್ಕನ ಕಣ್ಣಿಗೆ ಪ್ರತಿ ಹನಿಯೂ ನೀರಾಗಿಯೇ ಕಂಡಿತು. ಅವಳ ಕಣ್ಣಲ್ಲೇ ನೀರು ತುಂಬಿತ್ತೋ ಏನೋ. ಇನ್ನಷ್ಟು, ಇನ್ನಷ್ಟು ಎಂದು ಕುದಿಸಿದಳು. ಆರಿದ ಮೇಲೆ ನೋಡಿದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಗುಬ್ಬಿ ಒಂದು ತುಣುಕು ಬಾಯಿಗಿಟ್ಟುಕೊಂಡು, ಅಮ್ಮನ ಜಾಮ್ ಹೀಗಿರಲ್ಲ ಎಂದು ಉಗಿದಳು. ಅಳಿಯ ಮಾತ್ರ ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ಅದನ್ನು ಚಾಕುವಿನಿಂದ ಕೆತ್ತಿ, ಬ್ರೆಡ್ಡಿನ ಮೇಲಿಟ್ಟು, ಚರ್ಮ ಅಗಿದಂತೆ ಅಗಿದು ತಿಂದ. ಕೊನೆಯ ಬಾಟಲಿ ಬರಿದಾಗುವವರೆಗೂ ತಿಂದ. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅದರ ಮರುವರ್ಷ ಹಳಿಯ ಬೇಲಿಯ ಕಡೆಗೆ ಯಾರೂ ಹೋಗಲಿಲ್ಲ. ರಜೆ ಬಂದಾಗ ಗುಂಡಿಯಕ್ಕ ಅಂಗಡಿಯ ಜಾಮ್ ತಂದು ಮೇಜಿನ ಮೇಲಿಟ್ಟಳು.

ಡಿಪೋದಲ್ಲಿ ಬಸ್ಸು ತೊಳೆಯುವ ಹೆಂಗಸೊಬ್ಬಳು ಆಗಾಗ ದಾರಕ್ಕೆಂದು ಅಂಗಡಿಗೆ ಬರುತ್ತಿದ್ದಳು. ಒಂದು ದಿನ ಅವಳು ತಡೆದು ತಡೆದು ಒಂದು ಮಾತು ಹೇಳಿದಳು. ನಿಮ್ಮ ಅಳಿಯ ಡ್ಯೂಟಿ ಮುಗಿದರೂ ಬಸ್ಸಿನಿಂದ ಇಳಿಯುವುದಿಲ್ಲ. ಇಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ. ನಾವು ಹಿಂದಿನಿಂದ ಗುಡಿಸಿಕೊಂಡು ಬಂದು, ಸಾರ್ ಕಾಲು ಎತ್ತಿ ಎಂದರೆ ಎತ್ತುತ್ತಾರೆ, ಮತ್ತೆ ಹಾಗೇ ಇಡುತ್ತಾರೆ. ಗುಂಡಿಯಕ್ಕ ನಂಬಲಿಲ್ಲ. ಮರುದಿನ ಅಂಗಡಿಗೆ ಬಾಗಿಲೆಳೆದು ತಾನೇ ಹೋಗಿ ಡಿಪೋದ ಗೇಟಿನಿಂದ ನೋಡಿದಳು. ಖಾಲಿ ಬಸ್ಸುಗಳ ಸಾಲಿನಲ್ಲಿ ಒಂದರ ಮುಂದಿನ ಗಾಜಿನ ಹಿಂದೆ ಅವನಿದ್ದ. ರಸ್ತೆ ಇಲ್ಲದಿದ್ದರೂ ಮುಂದಕ್ಕೇ ನೋಡುತ್ತಿದ್ದ. ಬಂದ ದಾರಿಯಲ್ಲೇ ಹಿಂತಿರುಗಿದಳು. ಮನೆ ಮುಟ್ಟುವಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು: ಇವನಿಗೆ ಇನ್ನೊಂದು ಮದುವೆ ಮಾಡಬೇಕು.

ಹೇಳಿದಾಗ ಅವನು ತಟ್ಟೆ ಸರಿಸಿ ಎದ್ದುನಿಂತ.

‘ನೀವು ಅವಳ ತಾಯಿ, ಅತ್ತೆ. ನೀವೇ ಈ ಮಾತು ಆಡೋದಾ?’

‘ಅದಕ್ಕೇ ನಾನು ಆಡ್ತಿರೋದು. ಬೇರೆ ಯಾರು ಹೇಳಿದ್ರೂ ನೀನು ಕೇಳಲ್ಲ.’

ಅವನು ಆವತ್ತೂ ಕೇಳಲಿಲ್ಲ. ಅವಳೂ ಬಿಡಲಿಲ್ಲ. ತಿಂಗಳುಗಟ್ಟಲೆ ಅದೇ ರಾಗ ಎಳೆದಳು. ಬೀದಿಯಲ್ಲಿ ಜನ ಮೂಗು ಮುರಿದರು: ಹೊಟ್ಟೆಯಲ್ಲಿ ಹುಟ್ಟಿದವಳ ಜಾಗಕ್ಕೆ ಇನ್ನೊಬ್ಬಳನ್ನು ಹುಡುಕಿಕೊಂಡು ಹೊರಟಿದ್ದಾಳಲ್ಲ, ಎಂಥ ಕಲ್ಲು ಮನಸ್ಸು ಇವಳದು! ಬ್ರೆಡ್ಡಿನ ಅಂಗಡಿಯವಳು ಈ ಮಾತನ್ನು ಚಾಚೂ ತಪ್ಪದೆ ತಂದು ಒಪ್ಪಿಸಿದಳು. ಗುಂಡಿಯಕ್ಕ ಏಣಿ ಮೇಲಿಂದಲೇ, ಅವರ ಬಾಯಿಗೆ ಗುಂಡಿ ಬೇಕಿದ್ದರೆ ಕಳಿಸು, ಪುಕ್ಕಟೆ ಕೊಡ್ತೀನಿ ಎಂದಳು. ಅಂದಳೇನೋ ಸರಿ, ಆದರೆ ಅವಳು ಬಹಳ ಹೊತ್ತು ಏಣಿಯಿಂದ ಇಳಿಯಲಿಲ್ಲ.

ಹೆಣ್ಣು ಅಂಗಡಿಗೇ ನಡೆದು ಬಂತು. ಮಳೆಕೋಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬಳು ಯಾವುದೋ ಮಗುವಿನ ಕೋಟಿಗೆ ಒಂದೇ ಒಂದು ಹಸಿರು ಗುಂಡಿ ಬೇಕೆಂದು ಬಂದಿದ್ದಳು. ಒಂದಾದ ಮೇಲೊಂದು ಖಾನೆ ತೆಗೆಸಿದಳು. ಇದು ಸ್ವಲ್ಪ ನೀಲಿ, ಇದರ ಅಂಚು ದಪ್ಪ, ಇದು ಮಗುವಿನ ಕೈಗೆ ಜಾರುತ್ತೆ ಎಂದು ಎಲ್ಲವನ್ನೂ ಬದಿಗಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಗುಂಡಿಯಕ್ಕನಿಗೆ ರೇಗುತ್ತಿತ್ತು. ಇವಳ ಮೇಲೆ ರೇಗಲಿಲ್ಲ. ಯಾರದಮ್ಮ ಆ ಮಗು ಎಂದು ಕೇಳಿದರೆ, ಗೊತ್ತಿಲ್ಲ, ರಿಪೇರಿಗೆ ಬಂದದ್ದು, ಕೋಟಿನ ಜೇಬಿನಲ್ಲಿ ಅರ್ಧ ತಿಂದ ಬಿಸ್ಕತ್ತು ಇತ್ತು, ಅದನ್ನೂ ಹಾಗೇ ಇಟ್ಟಿದ್ದೀನಿ ಎಂದು ನಕ್ಕಳು. ಗಂಡ ಬಿಟ್ಟು ಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಾತಿಗೆ ಮಾತು ಬೆಳೆದು ಅಷ್ಟೂ ತಿಳಿಯಿತು. ಮುಂದಿನ ಸಲ ಬಂದಾಗ ಗುಂಡಿಯಕ್ಕ ಸುತ್ತು ಬಳಸದೆ ಕೇಳಿಯೇಬಿಟ್ಟಳು. ಕೋಟಿನವಳು ಬೆರಗಾಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ, ನಿಮ್ಮ ಅಳಿಯ ಓಡಿಸೋದು ಯಾವ ನಂಬರಿನ ಬಸ್ಸು ಎಂದು ಮಾತ್ರ ಕೇಳಿದಳು. ಕೆಲವು ವಾರ ಅವಳು ಅದೇ ಬಸ್ಸಿನಲ್ಲಿ ಓಡಾಡಿದಳಂತೆ. ಅವನು ವಯಸ್ಸಾದವರು ಹತ್ತುವವರೆಗೂ ಬಸ್ಸು ಬಿಡುವುದಿಲ್ಲ ಎಂಬುದು ಅವಳಿಗೆ ಹಿಡಿಸಿತು. ಅವಳು ಹಿಡಿಸಿದ್ದು ಅವನಿಗೆ ಯಾವಾಗಲೋ, ಹೇಗೋ. ಅವನು ಹೇಳುವ ಪೈಕಿಯಲ್ಲ. ಬೇಸಿಗೆಯ ಆರಂಭದಲ್ಲಿ ಇಬ್ಬರೂ ಹೋಗಿ ಸಹಿ ಹಾಕಿ ಮದುವೆಯಾದರು. ಗುಂಡಿಯಕ್ಕ ಸಾಕ್ಷಿಯಾಗಿ ರುಜು ಮಾಡಿದಳು.

ಮನೆಗೆ ಬಂದ ದಿನವೇ ಒಂದು ತೊಡಕು ಎದುರಾಯಿತು. ನಿಮ್ಮನ್ನ ಏನಂತ ಕರೀಲಿ ಎಂದು ಕೋಟಿನವಳು ಕೇಳಿದಳು. ಅತ್ತೆ ಎನ್ನಲು ಗಂಡನ ತಾಯಿಯಲ್ಲ. ಅಮ್ಮ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ. ಗಂಡನ ಮೊದಲ ಹೆಂಡತಿಯ ತಾಯಿಯನ್ನು ಕರೆಯುವುದಕ್ಕೆ ಒಂದು ಮಾತನ್ನು ಯಾರೂ ಹುಟ್ಟಿಸಿರಲಿಲ್ಲ. ಅಂಗಡಿಯಲ್ಲಿ ಏನು ಕರೀತಿದ್ದೆಯೋ ಅದನ್ನೇ ಕರಿ ಎಂದಳು ಗುಂಡಿಯಕ್ಕ. ಹೀಗೆ ಸ್ವಂತ ಅಡುಗೆಮನೆಯಲ್ಲೂ ಅವಳು ಗುಂಡಿಯಕ್ಕನೇ ಆದಳು. ಸ್ವಂತ ಅಡುಗೆಮನೆ ಎನ್ನುವುದಾದರೂ ಹೇಗೆ? ಮೊದಲು ಮಗಳದಾಗಿತ್ತು, ಈಗ ಇವಳದು. ನಡುವೆ ಕೆಲವು ವರ್ಷ ತಾನು ಕಾದುಕೊಂಡಿದ್ದದ್ದು, ಅಷ್ಟೆ.

ಹೊಸಬಳು ಒಳ್ಳೆಯವಳು. ಅದರಲ್ಲಿ ಎರಡು ಮಾತಿರಲಿಲ್ಲ. ಗೋಡೆಯ ಮೇಲಿನ ಮಗಳ ಫೋಟೋವನ್ನು ಇಳಿಸಲಿಲ್ಲ. ಧೂಳು ಒರೆಸಿ ಅಲ್ಲೇ ಇಟ್ಟಳು. ಗುಬ್ಬಿಯನ್ನು ಓಲೈಸಲೂ ಹೋಗಲಿಲ್ಲ, ಗದರಲೂ ಹೋಗಲಿಲ್ಲ. ಗುಬ್ಬಿ ಅವಳನ್ನು ‘ಆಂಟಿ’ ಎನ್ನುತ್ತಿದ್ದಳು. ಗುಂಡಿಯಕ್ಕನಿಗೆ ಆ ‘ಆಂಟಿ’ ಕೇಳಿದಾಗಲೆಲ್ಲ ಒಳಗೊಳಗೇ ಒಂದು ಸಮಾಧಾನ. ಆ ಸಮಾಧಾನಕ್ಕೆ ನಾಚಿಕೆ ಬೇರೆ.

ಬೇಸಿಗೆ ಮುಗಿಯುತ್ತಿದ್ದ ಒಂದು ದಿನ ಅಂಗಡಿಯಿಂದ ಮನೆಗೆ ಬಂದಾಗ ಮೇಜಿನ ಮೇಲೆ ಡಬ್ಬಿಗಳು ಸಾಲಾಗಿ ಕೂತಿದ್ದವು. ಅಳಿಯ, ಕೋಟಿನವಳು, ಗುಬ್ಬಿ ಮೂವರ ಕೈಯಲ್ಲೂ ಮುಳ್ಳು ಗೀರಿದ ಕೆಂಪು ಗೆರೆಗಳು. ಮೂವರ ತುಟಿಯೂ ಕಪ್ಪು. ಗುಬ್ಬಿಯೇ ಹಟ ಹಿಡಿದು ಕರೆದುಕೊಂಡು ಹೋದಳಂತೆ. ಅಳಿಯ ಅತ್ತೆಯ ಕಣ್ಣು ತಪ್ಪಿಸಿ ಕೊಕ್ಕೆ ಕೋಲನ್ನು ಬಾಗಿಲ ಹಿಂದೆ ಒರಗಿಸಿದ. ಹಣ್ಣು ತೊಳೆಯಲು ನಾನಿದ್ದೀನಿ ಎಂದು ಗುಂಡಿಯಕ್ಕ ಸೆರಗು ಸಿಕ್ಕಿಸಿಕೊಂಡು ನಲ್ಲಿಯ ಮುಂದೆ ನಿಂತಳು.

ಚಳಿಗಾಲದ ರಜೆಗೆ ಶಾಲೆ ಮುಚ್ಚಿದ ಮೇಲೆ ಬಂದ ಭಾನುವಾರ ಜಾಮಿನ ದಿನವಾಯಿತು. ಅಳಿಯ ಡ್ಯೂಟಿಗೆ ಹೋಗಿದ್ದ. ಹಿಂದಿನ ಸಂಜೆಯೇ ಹಣ್ಣಿಗೆ ಸಕ್ಕರೆ ಬೆರೆಸಿಟ್ಟಿದ್ದರಿಂದ ಬೆಳಗಾಗುವುದರೊಳಗೆ ಅದು ತನ್ನ ರಸದಲ್ಲೇ ಮುಳುಗಿ ಕಡುಗೆಂಪಾಗಿತ್ತು. ಈ ಸಲ ಒಲೆಯ ಮುಂದೆ ಗುಂಡಿಯಕ್ಕ ನಿಂತಳು, ಬಾಟಲಿಯ ಕೆಲಸ ಕೋಟಿನವಳದಾಯಿತು. ಮಸಾಲೆಗೆ ಏನೇನು ಹಾಕಬೇಕೆಂದು ಕೋಟಿನವಳು ಕೇಳಿದಾಗ ಗುಂಡಿಯಕ್ಕ ತನಗೆ ಗೊತ್ತಿದ್ದಷ್ಟನ್ನು ಹೇಳಿ, ಇನ್ನೂ ಏನೋ ಇತ್ತು, ಅದು ಅವಳ ಜೊತೆಗೇ ಹೋಯಿತು ಎಂದಳು. ಕೋಟಿನವಳು ಹುಡುಕಲು ಹೋಗಲಿಲ್ಲ. ನಮ್ಮಮ್ಮ ಏಲಕ್ಕಿ ಹಾಕ್ತಿದ್ದಳು, ಹಾಕಲಾ ಎಂದು ಕೇಳಿ, ನಾಲ್ಕು ಏಲಕ್ಕಿ ಜಜ್ಜಿ ಗಂಟಿಗೆ ಸೇರಿಸಿದಳು. ಕಿಟಕಿಯ ಗಾಜು ಮಂಜಾಯಿತು. ಗುಬ್ಬಿ ಸ್ಟೂಲು ಎಳೆದುಕೊಂಡು ಅಜ್ಜಿಯ ಪಕ್ಕ ನಿಂತು, ಮೇಲೆ ಬಂದ ನೊರೆಯನ್ನು ಚಮಚದಿಂದ ತೆಗೆದು ಬಟ್ಟಲಿಗೆ ಹಾಕುತ್ತಿದ್ದಳು. ಬಟ್ಟಲಿಗಿಂತ ಹೆಚ್ಚು ಬಾಯಿಗೇ ಹೋಗುತ್ತಿತ್ತು. ಅಜ್ಜಿ, ಮೊಮ್ಮಗಳು ಏನೋ ಹೇಳಿಕೊಂಡು ನಗುತ್ತಿದ್ದರು. ಗುಂಡಿಯಕ್ಕನಿಗೆ ಆ ಹೊತ್ತು ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

ಹದ ಬರುವ ಹೊತ್ತಿಗೆ ಜಾಮ್ ಕೊತಕೊತ ಕುದಿದು ಸಿಡಿಯುತ್ತದೆ. ಹಾಗೆ ಸಿಡಿದ ಒಂದು ದೊಡ್ಡ ಹನಿ ಗುಬ್ಬಿಯ ಮಣಿಕಟ್ಟಿನ ಮೇಲೆ ಬಿದ್ದು ಅಂಟಿಕೊಂಡಿತು.

‘ಅಮ್ಮಾ!’ ಎಂದು ಮಗು ಚೀರಿತು.

ಗುಂಡಿಯಕ್ಕ ಸೌಟು ಹಿಡಿದ ಕೈಯನ್ನೂ ಬರಿಗೈಯನ್ನೂ ಒಟ್ಟಿಗೇ ಚಾಚಿ ತಿರುಗಿದಳು. ಗುಬ್ಬಿ ಸ್ಟೂಲಿನಿಂದ ಧುಮುಕಿ, ಆ ಎರಡು ಕೈಗಳ ಪಕ್ಕದಿಂದ ನುಸುಳಿ, ನೇರ ಕೋಟಿನವಳ ಹತ್ತಿರ ಓಡಿ ಅವಳ ಹೊಟ್ಟೆಗೆ ಮುಖ ಒತ್ತಿದಳು. ಕೋಟಿನವಳು ಕೈಲಿದ್ದ ಬಾಟಲಿಯನ್ನು ಹೇಗೋ ಕೆಳಗಿಟ್ಟು, ಮಗುವಿನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಆಯ್ತು ಆಯ್ತು, ಈಗ ಹೋಗುತ್ತೆ ಎನ್ನುತ್ತ ಅದರ ತಲೆಯ ಮೇಲೆ ಗಲ್ಲ ಊರಿ ನಿಂತಳು. ಮಗು ಬಿಕ್ಕುತ್ತ ಮತ್ತೆ ಮತ್ತೆ ಅದೇ ಮಾತು ಹೇಳುತ್ತಿತ್ತು. ಅಮ್ಮ, ಉರಿಯುತ್ತೆ. ಅಮ್ಮ, ಉರಿಯುತ್ತೆ.

ಗುಂಡಿಯಕ್ಕನ ಚಾಚಿದ ಕೈಗಳು ಹಾಗೇ ಇದ್ದವು. ಸೌಟಿನಿಂದ ಜಾಮ್ ನೆಲಕ್ಕೆ ತೊಟ್ಟಿಕ್ಕಿತು. ಹಿಂದೆ ಪಾತ್ರೆ ಬುಸುಗುಟ್ಟುವುದು ಕೇಳಿಸಿ ಅವಳು ತಿರುಗಿ, ಉರಿ ತಗ್ಗಿಸಿ, ಕೈಯಾಡಿಸತೊಡಗಿದಳು.

‘ರೂಮಿಗೆ ಕರ್ಕೊಂಡು ಹೋಗಿ ಔಷಧಿ ಹಚ್ಚು,’ ಎಂದಳು, ಬೆನ್ನು ತಿರುಗಿಸಿಕೊಂಡೇ. ‘ಇದು ತಳ ಹಿಡಿಯುತ್ತೆ, ನಾನು ನೋಡ್ಕೋತೀನಿ.’

ಅವರಿಬ್ಬರೂ ಹೋದ ಮೇಲೆ ಅವಳು ಅತ್ತಳು. ಮಗಳು ತೀರಿಕೊಂಡಾಗ ಅತ್ತದ್ದು ಬೇರೆ. ಆಗ ಅಳುವಿನ ಜೊತೆಗೆ ಜನ ಇದ್ದರು, ನೆಲಕ್ಕೆ ತಲೆ ಚಚ್ಚಿಕೊಳ್ಳುವ ಸಿಟ್ಟಿತ್ತು. ಇದು ಸದ್ದಿಲ್ಲದ್ದು. ಕಣ್ಣೀರು ಗಲ್ಲದಿಂದ ಇಳಿದು ಎಲ್ಲಿ ಪಾತ್ರೆಗೆ ಬೀಳುತ್ತದೋ ಎಂದು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಕೈ ಮಾತ್ರ ನಿಲ್ಲಿಸದೆ ಅತ್ತಳು. ಮಗಳು ಈ ಮನೆಯಿಂದ ಹೋದದ್ದು ಆವತ್ತಲ್ಲ, ಇವತ್ತು ಎಂದು ಅವಳಿಗನ್ನಿಸಿತು.

ಕೋಟಿನವಳು ಮರಳಿ ಬಂದಾಗ ಗುಂಡಿಯಕ್ಕ ತಟ್ಟೆಯ ಮೇಲೆ ಹನಿ ಬಿಟ್ಟು ಬೆರಳಿನಿಂದ ತಳ್ಳಿ ನೋಡುತ್ತಿದ್ದಳು. ಅದು ಸುಕ್ಕುಗಟ್ಟಿತು. ಕೋಟಿನವಳು ಬಾಗಿಲಲ್ಲೇ ನಿಂತಳು. ಆ ಚಾಚಿದ ಕೈಗಳನ್ನು ಅವಳು ನೋಡಿದ್ದಳು.

‘ಅಕ್ಕ, ಅದು ನೋವಿಗೆ ಕೂಗಿದ್ದು. ನೋವಾದ್ರೆ ಯಾರಾದ್ರೂ ಹಾಗೇ ಕೂಗ್ತಾರೆ.’

‘ಕೂಗೋದು ಎಲ್ಲರೂ ಕೂಗ್ತಾರೆ ಕಣೆ. ಆಮೇಲೆ ಎಲ್ಲಿಗೆ ಓಡ್ತಾರೆ ಅನ್ನೋದಿರುತ್ತಲ್ಲ.’

ಗುಂಡಿಯಕ್ಕ ಒಲೆ ಆರಿಸಿ ಸೌಟನ್ನು ಪಾತ್ರೆಯ ಮೇಲೆ ಅಡ್ಡಲಾಗಿಟ್ಟಳು.

‘ನಿನ್ನ ತಂದದ್ದೇ ಇದಕ್ಕೆ. ನಾನು ಬೇಕು ಅಂದದ್ದೇ ಆಗಿದೆ. ಇಷ್ಟು ನೋಯುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ. ನಿನ್ನ ಮೇಲೆ ಏನೂ ಇಲ್ಲ. ಬಾಟಲಿ ಕೊಡು, ಬಿಸಿ ಇರೋವಾಗ್ಲೇ ತುಂಬಬೇಕು’ ಎಂದಳು.

ಇಬ್ಬರೂ ಸೇರಿ ತುಂಬಿದರು. ಒಬ್ಬಳು ಬಟ್ಟೆಯಿಂದ ಬಾಟಲಿ ಹಿಡಿದಳು, ಒಬ್ಬಳು ಸುರಿದಳು. ಮುಚ್ಚಳ ಬಿಗಿಯುವಾಗ ಕೋಟಿನವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಲು ಅವಳ ಕೈಗೆ ಬಿಡುವಿರಲಿಲ್ಲ. ಗುಂಡಿಯಕ್ಕ ತನ್ನ ಸೆರಗಿನ ತುದಿಯಿಂದ ಒರೆಸಿದಳು. ಉಳಿದದ್ದನ್ನು ಸೌಟಿನಿಂದ ಬಳಿದು ರುಚಿ ನೋಡಿದಳು. ಮಗಳ ಜಾಮಿನಂತೆ ಇರಲಿಲ್ಲ. ಚೆನ್ನಾಗಿತ್ತು. ಚೆನ್ನಾಗಿಲ್ಲದೆ ಹೋಗಿದ್ದರೆ ನುಂಗುವುದು ಸುಲಭವಿತ್ತೇನೋ.

ರಜೆ ಮುಗಿದ ಮೇಲೆ ಅವಳು ತನ್ನ ಕೋಣೆಗೆ ಹೊರಟಳು. ಅಂಗಡಿ ಹತ್ತಿರವಾಗುತ್ತದೆ, ಮಂಡಿ ನೋವು, ಮಹಡಿ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಕಾರಣ ಕೊಟ್ಟಳು. ದಿನವಿಡೀ ಏಣಿ ಹತ್ತಿ ಇಳಿಯುವವಳ ಮಂಡಿ ನೋವನ್ನು ಯಾರೂ ನಂಬಲಿಲ್ಲ. ಕೋಟಿನವಳು ಎಷ್ಟು ತಡೆದರೂ ಕೇಳಲಿಲ್ಲ. ಅಳಿಯ ಟ್ರಂಕು ಹೊತ್ತು ಮುಂದೆ ನಡೆದ. ಗುಬ್ಬಿ ಅಜ್ಜಿಯ ಸೆರಗು ಬಿಡದೆ ರಂಪ ಮಾಡಿದಳು. ದಿನಾ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬರುತ್ತೇನೆ ಎಂದು ಆಣೆ ಮಾಡಿದಳು. ಮೊದಲಿಗೆ ದಿನಾ ಬಂದಳು. ಆಮೇಲೆ ವಾರಕ್ಕೊಮ್ಮೆ. ಗೆಳತಿಯರು, ಆಟ, ಪರೀಕ್ಷೆ. ಮನೆಯಲ್ಲಿ ಒಬ್ಬ ತಮ್ಮ ಹುಟ್ಟಿದ ಮೇಲೆ ಅವನನ್ನು ಎತ್ತಿ ಆಡಿಸುವ ಸಂಭ್ರಮ. ಗುಂಡಿಯಕ್ಕ ಮಗುವಿಗೆ ಟೋಪಿ ಹೆಣೆದು, ಅದಕ್ಕೆ ಆನೆಯ ಆಕಾರದ ಗುಂಡಿ ಹೊಲಿದು ತಾನೇ ಕೊಟ್ಟುಬಂದಳು. ಕೂಸನ್ನು ಮಡಿಲಲ್ಲಿಟ್ಟುಕೊಂಡಾಗ, ಇದಕ್ಕೆ ನಾನು ಏನಾಗಬೇಕು ಎಂದು ಒಂದು ಗಳಿಗೆ ಯೋಚಿಸಿ, ಹಣೆಗೆ ಮುತ್ತಿಟ್ಟು ತಾಯಿಗೆ ಕೊಟ್ಟಳು.

ಪ್ರತಿ ಚಳಿಗಾಲವೂ ಒಂದು ಬಾಟಲಿ ಜಾಮ್ ಅಂಗಡಿಗೆ ಬರುತ್ತಿತ್ತು. ತರುತ್ತಿದ್ದವನು ಅಳಿಯ. ಕೌಂಟರಿನ ಮೇಲಿಟ್ಟು, ಹೇಗಿದ್ದೀರಿ ಎಂದು ಕೇಳಿ, ಬರ್ತೀನಿ ಎಂದು ಹೊರಡುವುದು ಅವನ ರೂಢಿ. ಒಂದು ವರ್ಷ ಮಾತ್ರ ಅವನು ಹೊರಡಲಿಲ್ಲ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಗುಂಡಿಯಕ್ಕ ಪಕ್ಕದ ಅಂಗಡಿಯಿಂದ ಬ್ರೆಡ್ಡು ತರಿಸಿ, ಬಾಟಲಿ ತೆರೆದು, ಅವನಿಗೂ ಹಚ್ಚಿಕೊಟ್ಟಳು. ಅವನು ಸ್ಟೂಲಿನ ಮೇಲೆ ಕುಳಿತು ಅರ್ಧ ತಿಂದವನು ನಿಲ್ಲಿಸಿದ. ತಲೆಯಲ್ಲಿ ನರೆ ಬಂದಿತ್ತು.

‘ಅತ್ತೆ, ನನಗೆ ಅವಳ ದನಿ ಮರೆತುಹೋಗ್ತಾ ಇದೆ.’

ಗುಂಡಿಯಕ್ಕನ ಕೈಯಲ್ಲಿದ್ದ ಚಾಕು ನಿಂತಿತು.

‘ಮುಖ ಇದೆ, ಫೋಟೋ ಇದೆಯಲ್ಲ. ದನಿ ಮಾತ್ರ ಸಿಗ್ತಿಲ್ಲ. ಬಸ್ಸು ಓಡಿಸ್ತಾ ಓಡಿಸ್ತಾ ಹುಡುಕ್ತೀನಿ. ಮನೇಲಿ ಯಾರ ಹತ್ರ ಹೇಳಲಿ? ಇವಳು ಕೆಟ್ಟವಳಾಗಿದ್ರೆ ಹೇಳಿಬಿಡ್ತಿದ್ದೆ. ಒಳ್ಳೆಯವಳು. ಅದಕ್ಕೇ ಆಗಲ್ಲ.’

ಮದುವೆ ಮಾಡಿ ಅವನ ದುಃಖ ಕಳೆದೆ ಎಂದು ಅವಳು ತಿಳಿದಿದ್ದಳು. ಕಳೆದಿರಲಿಲ್ಲ, ಇಟ್ಟುಕೊಳ್ಳಲು ಅದಕ್ಕೆ ಮನೆಯಲ್ಲಿ ಜಾಗವಿಲ್ಲದಂತಾಗಿತ್ತು, ಅಷ್ಟೆ. ಇಷ್ಟು ವರ್ಷ ಅವನು ಅದನ್ನು ಬಸ್ಸಿನಲ್ಲಿ ಹೊತ್ತು ತಿರುಗಿದ್ದ.

‘ನಂಗೂ ಹಾಗೇ ಕಣಪ್ಪ,’ ಎಂದಳು. ‘ಆಡಿದ ಮಾತೆಲ್ಲ ನೆನಪಿದೆ. ದನಿ ಇಲ್ಲ.’

‘ಮಾತೇ ಹೇಳಿ. ಏನಾದ್ರೂ. ಬೈದದ್ದಾದ್ರೂ ಸರಿ.’

ಅವಳು ಯೋಚಿಸಿ, ಅವನು ಮದುವೆಯ ಹೊಸತರಲ್ಲಿ ಉಪ್ಪಿನ ಡಬ್ಬಿಯೆಂದು ಸೋಪಿನ ಪುಡಿಯನ್ನು ಸಾರಿಗೆ ಹಾಕಿದ್ದನ್ನು ಹೇಳಿದಳು. ‘ಅಮ್ಮ, ನಿನ್ನ ಅಳಿಯ ಸಾರನ್ನ ಒಗೆದು ಒಣಗಿಸೋಕೆ ಹೊರಟಿದ್ದಾನೆ’ ಎಂದು ಮಗಳು ಅಂಗಡಿಯ ಮೆಟ್ಟಿಲಿನಿಂದಲೇ ಕೂಗಿಕೊಂಡು ಬಂದಿದ್ದಳು. ಹೇಳುತ್ತ ಹೇಳುತ್ತ ಗುಂಡಿಯಕ್ಕ ನಕ್ಕಳು, ಅವನೂ ನಕ್ಕ. ನಗುತ್ತಿದ್ದವನು ಯೂನಿಫಾರ್ಮಿನ ತೋಳಿಗೆ ಮುಖ ಒತ್ತಿಕೊಂಡ. ಅವನ ಭುಜ ಅಲುಗುತ್ತಿತ್ತು. ಅಷ್ಟರಲ್ಲಿ ಯಾರೋ ಹೆಂಗಸು ಜಿಪ್ಪು ಕೇಳಿಕೊಂಡು ಒಳಗೆ ಬಂದಳು. ಗುಂಡಿಯಕ್ಕ ಲೇಸಿನ ಸುರುಳಿಗಳನ್ನು ಅವನ ಮುಂದಕ್ಕೆ ಎಳೆದು ಮರೆ ಮಾಡಿ, ಜಿಪ್ಪು ಅಳೆದು ಕತ್ತರಿಸಿ ಕೊಟ್ಟು ಕಳಿಸಿದಳು.

ಆಮೇಲಿಂದ ಅವನು ಡ್ಯೂಟಿ ಇಲ್ಲದ ಮಧ್ಯಾಹ್ನಗಳಲ್ಲಿ ಬರತೊಡಗಿದ. ಮಗಳ ಮಾತು ಬರುತ್ತಿದ್ದುದು ಯಾವತ್ತೋ ಒಮ್ಮೆ. ಹೆಚ್ಚಿನ ದಿನ ಹೊಸ ಬಸ್ಸಿನ ಬ್ರೇಕು, ಗುಬ್ಬಿಯ ಗಣಿತ, ಚಿಕ್ಕವನ ಕೆಮ್ಮು, ಇಷ್ಟೇ. ಒಂದೊಂದು ದಿನ ಅದೂ ಇಲ್ಲ; ಅವನು ಸ್ಟೂಲಿನ ಮೇಲೆ, ಅವಳು ಏಣಿಯ ಮೇಲೆ, ಇಬ್ಬರೂ ಸುಮ್ಮನೆ. ಹೊತ್ತಾದಾಗ ಎದ್ದು, ‘ಬರ್ತೀನಿ ಅತ್ತೆ’ ಎನ್ನುವನು. ಆ ಪೇಟೆಯಲ್ಲಿ ಅವಳನ್ನು ಹಾಗೆ ಕರೆಯುವವನು ಅವನೊಬ್ಬನೇ ಉಳಿದಿದ್ದ.